ಹೋದ ಪೇಜನ್ನು ಮತ್ತೆ ಅಲ್ಲೇ ಕಟ್ಟಬೇಕೇ?

ಚಿಕ್ಕಮಗಳೂರು ಜಿಲ್ಲೆಯ ಕಾಫಿ ಬೆಳೆಗಾರರು ದಿನಾ ಬೆಳಿಗ್ಗೆ ಮಳೆ ಲೆಕ್ಕ ಹಾಕುತ್ತಿದ್ದ ಒಂದು ಫೇಸ್‌ಬುಕ್ ಪೇಜು ಈ ಸಲ ಶಿವರಾತ್ರಿ ಕಳೆದ ವಾರ ಕೈತಪ್ಪಿತು. ಅದನ್ನು ನಡೆಸುತ್ತಿದ್ದವರು ಬಣಕಲ್ ಕಡೆಯವರು. ಕಳಸದಿಂದ ತಪ್ಪದೆ ಲೆಕ್ಕ ಕಳಿಸುತ್ತಿದ್ದವರು ಅವರ ನಾದಿನಿ. ಮುಂದೇನು ಅನ್ನುವುದರಲ್ಲಿ ಇಬ್ಬರಿಗೂ ಒಮ್ಮತವಿಲ್ಲ.

ಪರ: ಬೇಲಿ ಮುರಿದರೆ ತೋಟ ಮಾರ್ತೀವಾ?

ತಪ್ಪು ನನ್ನದೇ. ರಾತ್ರಿ ಒಂಬತ್ತೂವರೆ, ಕರೆಂಟ್ ಇರಲಿಲ್ಲ. ಮೊಬೈಲಿಗೊಂದು ಮೆಸೇಜ್ ಬಂತು. ನಿಮ್ಮ ಪೇಜಿನಲ್ಲಿ ಬೇರೆಯವರ ಫೋಟೋ ಇದೆ, 24 ಗಂಟೆಯೊಳಗೆ ಉತ್ತರ ಕೊಡದಿದ್ದರೆ ತೆಗೆದುಹಾಕುತ್ತೇವೆ ಅಂತ. ಗಾಬರಿಯಲ್ಲಿ ಲಿಂಕ್ ಒತ್ತಿ ಪಾಸ್‌ವರ್ಡ್ ಹಾಕಿದೆ. ಬೆಳಗಾಗುವಷ್ಟರಲ್ಲಿ ನಾನು ಅಡ್ಮಿನ್ ಅಲ್ಲ. ಮಧ್ಯಾಹ್ನಕ್ಕೆ ಪೇಜಿನ ಹೆಸರೇ ಬದಲಾಗಿ, ಮಳೆ ಲೆಕ್ಕ ಇದ್ದ ಜಾಗದಲ್ಲಿ ಯಾವುದೋ ದೇಶದ ಶೂ ಜಾಹೀರಾತು. ಮೂರನೇ ದಿನ ಅದೂ ಇಲ್ಲ.

ಹಾಗಂತ ಜಾಗ ಬಿಟ್ಟು ಬರಬೇಕಾ? ಆನೆ ಬಂದು ಬೇಲಿ ಮುರಿದರೆ ಬೇಲಿ ಸರಿ ಮಾಡುತ್ತೇವೆ. ತೋಟ ಮಾರುವುದಿಲ್ಲ ಅಲ್ವಾ?

ಹೊರಗಿನವರಿಗೆ ಇದೆಲ್ಲ ಸುಮ್ನೆ ಕಾಲಹರಣ ಅನ್ನಿಸಬಹುದು. ನಮ್ಮಲ್ಲಿ ಮಳೆಯನ್ನು ಇಂಚು, ಸೆಂಟ್ಸ್ ಲೆಕ್ಕದಲ್ಲಿ ಹೇಳುತ್ತೇವೆ. ನೂರು ಸೆಂಟ್ಸ್‌ಗೆ ಒಂದು ಇಂಚು. ಫೆಬ್ರವರಿ, ಮಾರ್ಚ್‌ನಲ್ಲಿ ಇಂಚಿನಷ್ಟು ಹೂಮಳೆ ಬಿದ್ದರೆ ಎಂಟು-ಹತ್ತು ದಿನದಲ್ಲಿ ಕಾಫಿ ಹೂ ಅರಳಿ ತೋಟ ಬೆಳ್ಳಗಾಗುತ್ತದೆ. 20 ಸೆಂಟ್ಸ್‌ಗೆ ನಿಂತುಬಿಟ್ಟರೆ ಮೊಗ್ಗು ಅರೆಬರೆ. ಆಗ ರೊಬಸ್ಟಾ ಜಾತಿಯ ಕಾಫಿ ಗಿಡಕ್ಕೆ ಸ್ಪ್ರಿಂಕ್ಲರ್ ಹಾಕಿ ಮಿಕ್ಕಿದ್ದನ್ನು ತುಂಬಿಸಬೇಕು. ಸ್ಪ್ರಿಂಕ್ಲರ್ ಅಂದರೆ ಡೀಸೆಲ್, ಪೈಪ್ ಎಳೆಯಲು ಆಳು, ಕೆರೆಯಲ್ಲಿ ನೀರು. ಒಂದು ಸಲ ಬೆಂಗಳೂರಿನಲ್ಲಿ ಕೂತ ಮಾಲೀಕರಿಗೆ ತೋಟದ ಲೆಕ್ಕ ಬರೆಯುವ ರೈಟರ್ ಫೋನಿನಲ್ಲಿ 20 ಅಂದಿದ್ದ. ಪಕ್ಕದ ತೋಟದವರು ಪೇಜಿಗೆ ಹಾಕಿದ್ದು 85! ಆ ಸಲ ಡೀಸೆಲ್ ಬಿಲ್ ಎಷ್ಟು ಬಂತೋ, ರೈಟರ್ ಏನಾದನೋ, ನಾನು ಕೇಳಲಿಲ್ಲ.

ಸರ್ಕಾರದ ಲೆಕ್ಕ ಇಲ್ಲವೇ ಅಂದರೆ ಇದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆ ಮಾಪಕ ಇಟ್ಟಿದೆ. ಆದರೆ ಮಲೆನಾಡಿನ ಪಂಚಾಯಿತಿ ಅಂದರೆ ನಾಲ್ಕು ಗುಡ್ಡ. ಗುಡ್ಡದ ಈಚೆ ಸುರಿದ ಮಳೆ ಆಚೆ ಹನಿಯೂ ಇರುವುದಿಲ್ಲ.

ವಾಟ್ಸಾಪ್ ಗುಂಪು ಮಾಡಿ ಅನ್ನುತ್ತಾರೆ. ಗುಂಪಿಗೆ 1,024 ಜನರ ಮಿತಿ. ನಂಬರ್ ಎಲ್ಲರಿಗೂ ಕಾಣುತ್ತದೆ, ಅದಕ್ಕೇ ಎಷ್ಟೋ ಹೆಣ್ಣುಮಕ್ಕಳು ಸೇರುವುದಿಲ್ಲ. ಏಳು ಗಂಟೆಗೆ ಹಾಕಿದ ಮಳೆ ಲೆಕ್ಕ ಏಳೂಕಾಲಿಗೆ ಶುಭೋದಯದ ಗುಲಾಬಿ ಹೂವಿನ ಕೆಳಗೆ ಹೂತುಹೋಗಿರುತ್ತದೆ. ಪೇಜಿನಲ್ಲಿ ಮಾತಾಡದೆ ಬರೀ ಓದಿ ಹೋಗುವವರೇ ಜಾಸ್ತಿ ಇದ್ದರು. ಅವರ ಹೆಸರೂ ನಮಗೆ ಗೊತ್ತಿಲ್ಲ. ಅವರು ನಮ್ಮನ್ನು ಹುಡುಕುವುದು ಹಳೆಯ ಜಾಗದಲ್ಲೇ. ಖಾಲಿ ಬಿಟ್ಟ ಸೈಟಿಗೆ ಯಾರೋ ಕಲ್ಲು ನೆಡುತ್ತಾರೆ. ಪೇಜು ಹೋದ ವಾರವೇ ನಮ್ಮ ಹಳೆ ಫೋಟೋ ಹಾಕಿಕೊಂಡು ಇನ್ನೊಂದು ಪೇಜು ಎದ್ದಿದೆ. ಅದರಲ್ಲಿ ಸಾಲ ಕೊಡಿಸುತ್ತೇವೆ ಅಂತ ಬರೆದಿದ್ದಾರೆ.

ಈ ಸಲ ಬೀಗ ಸರಿಯಾಗಿ ಹಾಕೋಣ. ಮೂವರು ಅಡ್ಮಿನ್, ಮೂವರಿಗೂ ಪಾಸ್‌ವರ್ಡ್ ಜೊತೆ ಕೋಡ್ ಕೂಡ ಕೇಳುವ ಎರಡು ಹಂತದ ಪರಿಶೀಲನೆ, ತಿಂಗಳಿಗೊಮ್ಮೆ ಪೂರ್ತಿ ಲೆಕ್ಕದ ಪ್ರತಿ ಇಳಿಸಿಕೊಳ್ಳುವುದು. ಕಾನೂನೂ ಇದೆ. 2021ರ ಐಟಿ ನಿಯಮದ ಪ್ರಕಾರ ದೂರು ಬಂದಿದೆ ಅಂತ ಕಂಪನಿ 24 ಗಂಟೆಯಲ್ಲಿ ತಿಳಿಸಬೇಕು, ನಿಗದಿತ ದಿನಗಳೊಳಗೆ ಇತ್ಯರ್ಥ ಮಾಡಬೇಕು. ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಕೇಂದ್ರದ ಮೇಲ್ಮನವಿ ಸಮಿತಿಗೆ ಹೋಗಬಹುದು. ನಾನು ದೂರು ಕೊಟ್ಟಿದ್ದೇನೆ.

ವಿರೋಧ: ದೂರು ಇತ್ಯರ್ಥವಾಗುವವರೆಗೆ ಹೂಮಳೆ ಕಾಯುತ್ತಾ, ಭಾವ?

ಭಾವ ದೂರು ಕೊಟ್ಟಿದ್ದು ನನಗೂ ಗೊತ್ತು. ಅಷ್ಟರಲ್ಲಿ ನಮ್ಮ ತೋಟದಲ್ಲಿ ಹೂ ಅರಳಿ ಉದುರಿಯೂ ಆಯಿತು.

ಅವರು ತೋಟ, ಬೇಲಿ ಅಂದರು. ತೋಟಕ್ಕೆ ಪಹಣಿ ಇದೆ. ಆ ಪೇಜಿಗೆ ಏನಿತ್ತು? ಅಷ್ಟು ಜನ ಇದ್ದರು ಅನ್ನುತ್ತೇವಲ್ಲ, ಒಬ್ಬರ ಫೋನ್ ನಂಬರಾದರೂ ನಮ್ಮ ಕೈಯಲ್ಲಿತ್ತಾ? ಯಾರದೋ ಗದ್ದೆಯಲ್ಲಿ ಕಣ ಮಾಡಿ ಭತ್ತ ಹರಡಿದ ಹಾಗೆ ಆಗಿತ್ತು. ಕಳ್ಳ ಬಾರದಿದ್ದರೂ ಗದ್ದೆಯವರೇ ಒಂದು ದಿನ ಏಳಿ ಅನ್ನಬಹುದು. 2014ರ ಸೆಪ್ಟೆಂಬರ್ 30ಕ್ಕೆ ಫೇಸ್‌ಬುಕ್‌ನಂಥದ್ದೇ ಆದ ಆರ್ಕುಟ್ ಮುಚ್ಚಿತು. 2019ರ ಏಪ್ರಿಲ್‌ನಲ್ಲಿ ಗೂಗಲ್ ಪ್ಲಸ್ ಮುಚ್ಚಿತು. ಅಲ್ಲಿ ಗುಂಪು ಕಟ್ಟಿದವರು ಪಾಸ್‌ವರ್ಡ್ ಯಾರಿಗೂ ಕೊಟ್ಟಿರಲಿಲ್ಲ.

ಇನ್ನೊಂದು ವಿಷಯ ಭಾವ ಬರೆಯಲಿಲ್ಲ. ಪೇಜಿಗೆ ಹಾಕಿದ್ದು ಎಲ್ಲರಿಗೂ ಕಾಣುತ್ತಲೇ ಇರಲಿಲ್ಲ. ಸೋಮವಾರದ ಮಳೆ ನನಗೆ ಎಷ್ಟೋ ಸಲ ಬುಧವಾರ ಕಂಡಿದೆ. ಯಾರಿಗೆ ಯಾವಾಗ ತೋರಿಸಬೇಕು ಅನ್ನುವುದು ಆ ಕಂಪನಿಯ ಲೆಕ್ಕಾಚಾರ. ಬುಧವಾರ ಗೊತ್ತಾದ ಮಳೆಯಿಂದ ಸ್ಪ್ರಿಂಕ್ಲರ್ ನಿಲ್ಲಿಸಲು ಆಗುತ್ತಾ?

ಪೇಜು ಹೋದ ಮಾರನೆ ದಿನ ಏನಾಯಿತು ಹೇಳುತ್ತೇನೆ. ಎಂದಿನಂತೆ ಏಳು ಗಂಟೆಗೆ ಅಂಗಳದ ರೇನ್‌ಗೇಜ್ ಹತ್ತಿರ ಹೋದೆ. ತಗಡಿನ ಕೊಳವೆಯ ಮೇಲೆ ಹಲಸಿನ ಎಲೆ ಬಿದ್ದಿತ್ತು, ತೆಗೆದೆ. ಒಳಗಿನ ಬಾಟಲಿಯ ನೀರನ್ನು ಅಳತೆ ಗ್ಲಾಸಿಗೆ ಬಗ್ಗಿಸಿ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದರೆ 35. ಫೋನ್ ತೆಗೆದೆ. ಹಾಕಲು ಜಾಗ ಇಲ್ಲ. ಒಂದು ನಿಮಿಷ ಗ್ಲಾಸ್ ಹಿಡಿದುಕೊಂಡೇ ನಿಂತೆ. ಅಷ್ಟರಲ್ಲಿ ಕೊಟ್ಟಿಗೆಹಾರದ ಅಕ್ಕ ಒಬ್ಬರು ಫೋನ್ ಮಾಡಿದರು. 'ನಿಮ್ಮಲ್ಲಿ ಎಷ್ಟು?' ಪೇಜಿನಲ್ಲಿ ವರ್ಷಗಟ್ಟಲೆ ನನ್ನ ಲೆಕ್ಕದ ಕೆಳಗೆ ತಮ್ಮದನ್ನು ಹಾಕುತ್ತಿದ್ದವರು. ದನಿ ಕೇಳಿದ್ದು ಅವತ್ತೇ ಮೊದಲು. ನನ್ನ ನಂಬರನ್ನು ಗೊಬ್ಬರದ ಅಂಗಡಿಯಲ್ಲಿ ವಿಚಾರಿಸಿ ತೆಗೆದುಕೊಂಡಿದ್ದರು.

ಆ ವಾರ ಹೀಗೆ ಹನ್ನೊಂದು ಜನ ಸಿಕ್ಕರು. ಕಡಿಮೆಯೇ, ಒಪ್ಪುತ್ತೇನೆ. ಆದರೆ ಆ ಹನ್ನೊಂದು ಜನ ದಿನಾ ಅಳೆಯುವವರು. ಮೊದಲು ಉಳಿಸಿಕೊಳ್ಳಬೇಕಾದದ್ದು ಅವರನ್ನು.

ಈಗ ಒಂದು ನೋಟ್‌ಪುಸ್ತಕ ಇಟ್ಟಿದ್ದೇನೆ. ಹೆಸರು, ಊರು, ನಂಬರ್, ಕೇಳಿಯೇ ಬರೆದುಕೊಂಡದ್ದು. ಹೋಬಳಿಗೆ ಒಬ್ಬರು ಲೆಕ್ಕ ಕೂಡಿಸಿ ನನಗೆ ಹೇಳುತ್ತಾರೆ, ನಾನು ವಾಟ್ಸಾಪ್‌ನ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ ಕಳಿಸುತ್ತೇನೆ. ಅದರಲ್ಲಿ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ, ಗುಲಾಬಿ ಹೂವೂ ಬರುವುದಿಲ್ಲ. ಒಂದು ಪಟ್ಟಿಗೆ 256 ಜನ, ಅದೂ ನನ್ನ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಹೋಗುತ್ತದೆ. ಮರೆತವರಿಗೆ ನಾನೇ ಬೈದು ಸೇವ್ ಮಾಡಿಸುತ್ತೇನೆ. 2021ರ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸಾಪ್ ಮೂರೂ ಒಟ್ಟಿಗೆ ನಿಂತು ಸುಮಾರು ಆರು ಗಂಟೆ ಏಳಲಿಲ್ಲ. ಅಂಥ ದಿನಕ್ಕೆ ಎಸ್ಸೆಮ್ಮೆಸ್ ಇದೆ. ಟವರ್ ಒಂದು ಕಡ್ಡಿ ತೋರಿಸಿದರೂ ಅದು ಹೋಗುತ್ತದೆ.

ಪುಸ್ತಕಕ್ಕೆ ಗೆದ್ದಲು ಹಿಡಿಯುತ್ತೆ ಅಂತ ಭಾವ ಮೊನ್ನೆ ನಕ್ಕರು. ಹೌದು, ಹಿಡಿಯುತ್ತದೆ. ನಮ್ಮ ಮಾವ 1978ರಿಂದ ಬರೆದಿಟ್ಟ ಮಳೆ ಪುಸ್ತಕಗಳಲ್ಲಿ ಎರಡು ಹಾಗೇ ಹೋದವು. ಉಳಿದವು ಇವತ್ತೂ ಕಪಾಟಿನಲ್ಲಿವೆ. ಪೇಜಿನದು ಒಂದು ದಿನದ್ದೂ ಉಳಿದಿಲ್ಲ. ಅದಕ್ಕೇ ಈಗ ಎರಡು ಪ್ರತಿ: ಒಂದು ನನ್ನ ಹತ್ತಿರ, ಒಂದು ಬಾಳೆಹೊನ್ನೂರಿನಲ್ಲಿ.

ಬೆಂಗಳೂರಿನ ಓದುಗರು ಸಿಗುವುದಿಲ್ಲ ಅನ್ನುವ ಮಾತು ನಿಜ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ತಿಂಗಳ ಲೆಕ್ಕದ ಹಾಳೆಯನ್ನು ಗೊಬ್ಬರದ ಅಂಗಡಿಗಳಲ್ಲಿ ಅಂಟಿಸುತ್ತಿದ್ದೇವೆ. ಊರಿಗೆ ಬಂದಾಗ ನೋಡಿ ನಂಬರ್ ಕೊಟ್ಟರೆ ಸೇರಿಸಿಕೊಳ್ಳುತ್ತೇನೆ. ಆ ಸಾಲದ ಪೇಜಿನ ವಿಷಯವನ್ನೂ ಅದೇ ಹಾಳೆಯ ಕೆಳಗೆ ಬರೆದಿದ್ದೇವೆ.

ಕೊಪ್ಪ, ಜಯಪುರದ ಕಡೆ ಮಾತ್ರ ಇನ್ನೂ ಯಾರೂ ಒಪ್ಪಿಕೊಂಡಿಲ್ಲ. ಬೆಳಿಗ್ಗೆ ಏಳು ಗಂಟೆಗೆ ಫೋನ್ ಎತ್ತುವವರು ಬೇಕು. ಭಾನುವಾರವೂ.