ಬಾವುಟಕ್ಕೆ ಬ್ರಹ್ಮಗಂಟು

ಆಗಸ್ಟ್ 14ರ ಸಂಜೆ ಹಾರ್ಡ್‌ವೇರ್ ಅಂಗಡಿಯ ಮುಂದೆ ನಿಂತವರ ಮುಖದಲ್ಲಿ ಒಂದು ಬಗೆಯ ಗಾಂಭೀರ್ಯ ಇರುತ್ತದೆ. ಬಾವುಟ ಮನೆಗೆ ಬಂದಾಗಿದೆ, ಕೋಲು ಮಾತ್ರ ಇಲ್ಲ. ಮನೆಯಲ್ಲಿದ್ದ ಕೋಲುಗಳ ತಪಾಸಣೆಯೂ ಮುಗಿದಿದೆ. ಜೇಡರ ಬಲೆ ತೆಗೆಯುವ ಕೋಲು ತೀರಾ ಉದ್ದ, ಮಾಪಿನ ಹಿಡಿ ಗಿಡ್ಡ, ಪರದೆಯ ರಾಡು ಬಿಚ್ಚಲು ಮನೆಯೊಡತಿ ಒಪ್ಪಿಲ್ಲ. ಕೊನೆಗೆ ಅರ್ಧ ಇಂಚಿನ ವೈರಿಂಗ್ ಪೈಪು ಹೆಗಲೇರುತ್ತದೆ. ಅದು ಮೊದಲ ಗಾಳಿಗೇ ಬಾಗಿ ಎದುರು ಮನೆಯವರಿಗೆ ನಮಸ್ಕಾರ ಹಾಕಲು ಶುರುಮಾಡುತ್ತದೆ.

ಎರಡಡಿ-ಮೂರಡಿ ಬಾವುಟಕ್ಕೆ ಕನಿಷ್ಠ ಒಂದಿಂಚಿನ ಅಲ್ಯೂಮಿನಿಯಂ ಅಥವಾ ಜಿಐ ಪೈಪು ಬೇಕು, ಉದ್ದ ಐದಾರು ಅಡಿ. ಬಾಲ್ಕನಿಯ ಗೋಡೆಗೆ ಓರೆಯಾಗಿ ನಿಲ್ಲಿಸುವುದಾದರೆ ಬ್ರಾಕೆಟ್ಟನ್ನು ಗಾರೆಗೆ ಮಾತ್ರ ಕಚ್ಚಿಸಿದರೆ ಸಾಲದು, ಬೋಲ್ಟು ಇಟ್ಟಿಗೆಯವರೆಗೆ ಹೋಗಬೇಕು. ಗಾಳಿಗೆ ಬಟ್ಟೆ ಬಡಿದಾಗಲೆಲ್ಲ ಪೈಪು ಸನ್ನೆಕೋಲಾಗಿ ಬೋಲ್ಟನ್ನು ಮೀಟುತ್ತಲೇ ಇರುತ್ತದೆ. ಮೂರನೇ ದಿನ ಬಾವುಟ, ಪೈಪು, ಬ್ರಾಕೆಟ್ಟು, ಜತೆಗೊಂದು ಹಿಡಿ ಗಾರೆ ಕೆಳಮನೆಯವರ ಸ್ಕೂಟರಿನ ಮೇಲೆ ಇಳಿಯುತ್ತವೆ. ಪೈಪಿನ ಮೇಲ್ತುದಿಗೆ ಮುಚ್ಚಳ ಹಾಕಿ, ಕೆಳಗೊಂದು ಸಣ್ಣ ತೂತು ಕೊರೆಯಿರಿ. ಇಲ್ಲದಿದ್ದರೆ ಶ್ರಾವಣದ ಮಳೆ ಒಳಗೇ ನಿಂತು, ಇಳಿಸುವವರ ತೋಳೊಳಗೆ ಸುರಿಯುತ್ತದೆ. ಕರೆಂಟಿನ ತಂತಿ ಹತ್ತಿರವಿದ್ದರೆ ಲೋಹದ ಕೋಲಿನ ಯೋಚನೆಯನ್ನೇ ಬಿಡಿ. ಇದರಲ್ಲಿ ತಮಾಷೆ ಇಲ್ಲ.

ಎಲ್ಲರೂ ಮರೆಯುವುದು ಗಾಳಿ ಇಲ್ಲದ ಹೊತ್ತನ್ನು. ಜಾಹೀರಾತಿನ ಬಾವುಟ ಸದಾ ಪಟಪಟಿಸುತ್ತದೆ. ನಿಜವಾದದ್ದು ಅರ್ಧ ದಿನ ಸುಮ್ಮನೆ ಜೋತು ಬಿದ್ದಿರುತ್ತದೆ. 900 x 600 ಮಿಲಿಮೀಟರಿನ ಬಾವುಟದ ಕರ್ಣ ಸುಮಾರು 1080 ಮಿಲಿಮೀಟರು. ಎಂದರೆ ಅದರ ಚುಂಗು ಮೇಲಿನ ಗಂಟಿನಿಂದ ಮೂರೂವರೆ ಅಡಿಗೂ ಹೆಚ್ಚು ಕೆಳಗೆ ಬರಬಹುದು. ಅಷ್ಟರೊಳಗೆ ಗ್ರಿಲ್ಲಿನ ಮೊನೆ, ತುಳಸಿ ಕಟ್ಟೆ ಅಥವಾ ಬಟ್ಟೆ ಒಣಹಾಕುವ ತಂತಿ ಇದ್ದರೆ ಸಿಕ್ಕಿಕೊಳ್ಳುವುದು ಖಂಡಿತ. ನಾಲ್ಕಡಿ ಜಾಗ ಬಿಡಿ. ಬಾವುಟ ನೆಲಕ್ಕೆ ತಾಗಬಾರದು ಎಂದು ಧ್ವಜ ಸಂಹಿತೆ ಹೇಳುತ್ತದೆ. ಕೆಳಮನೆಯವರ ಒಗ್ಗರಣೆ ಹೊಗೆಗೆ ತಾಗಬಾರದು ಎಂಬುದನ್ನು ನಾವೇ ಸೇರಿಸಿಕೊಳ್ಳಬೇಕು.

ಕೊಳ್ಳುವಾಗ ಟೇಪು ಹಿಡಿದು ನೋಡುವವರು ಕಡಿಮೆ. ಉದ್ದಗಲ 3:2 ಇರಬೇಕು, ಚಕ್ರಕ್ಕೆ 24 ಅರೆಗಳು ಬೇಕು, ಅದು ಎರಡೂ ಬದಿಗೆ ಕಾಣಬೇಕು. ಅವಸರದಲ್ಲಿ ಅಚ್ಚಾದ ಅಗ್ಗದ ಬಾವುಟಗಳಲ್ಲಿ ಚಕ್ರ ಬಿಳಿಪಟ್ಟಿಯ ನಡುವೆ ಕೂರದೆ ಹಸಿರಿನ ಕಡೆ ಜಾರಿರುತ್ತದೆ, ಕೆಲವೊಮ್ಮೆ ಅಂಡಾಕಾರಕ್ಕೂ ತಿರುಗಿರುತ್ತದೆ. ಭಾರತೀಯ ಮಾನಕಗಳಲ್ಲಿ ಒಂದನೇ ನಂಬರು, ಐಎಸ್ 1, ರಾಷ್ಟ್ರಧ್ವಜದ್ದೇ. ಆ ಅಳತೆಗೆ ಖಾದಿ ಬಾವುಟ ಹೊಲಿಯುವ ಹುಬ್ಬಳ್ಳಿಯ ಬೆಂಗೇರಿಯಲ್ಲಿ ದಾರ, ಬಣ್ಣ, ಹೊಲಿಗೆ ಎಲ್ಲಕ್ಕೂ ಪರೀಕ್ಷೆ ಇದೆ. ಧ್ವಜ ಸಂಹಿತೆಗೆ 2021ರ ಡಿಸೆಂಬರ್ 30ರಂದು ಆದ ತಿದ್ದುಪಡಿಯಿಂದ ಪಾಲಿಯೆಸ್ಟರಿಗೂ ಯಂತ್ರದ ಹೊಲಿಗೆಗೂ ಅನುಮತಿ ಸಿಕ್ಕಿತು. 2022ರ ‘ಹರ್ ಘರ್ ತಿರಂಗಾ’ ಹೊತ್ತಿಗೆ ಅಂಚೆ ಕಚೇರಿಯಲ್ಲೇ 25 ರೂಪಾಯಿಗೆ ಬಾವುಟ ಸಿಗುತ್ತಿತ್ತು. ಖಾದಿಯೋ ಪಾಲಿಯೆಸ್ಟರೋ ಎಂಬ ಜಗಳದಲ್ಲಿ ಎರಡೂ ಕಡೆಯವರು ಮುಚ್ಚಿಡುವ ವಿಷಯವೊಂದಿದೆ. ಖಾದಿ ನೆನೆದರೆ ಭಾರವಾಗಿ ಹಾರುವುದೇ ಇಲ್ಲ. ಪಾಲಿಯೆಸ್ಟರು ಚೆನ್ನಾಗಿ ಹಾರುತ್ತದೆ, ಆದರೆ ಹಾರಿ ಹಾರಿಯೇ ಅಂಚು ಪಿಸಿಯುತ್ತದೆ.

ಇನ್ನು ಗಂಟು. ತಾರಸಿಯ ಮೇಲೆ ರಾಟೆ, ಹಗ್ಗ, ಹೂವಿನ ಪಕಳೆ ಸಮೇತ ಧ್ವಜಾರೋಹಣ ಮಾಡುವ ಉತ್ಸಾಹಿಗಳಿಗೆ ಇಡೀ ಸಮಾರಂಭದ ಮರ್ಯಾದೆ ಒಂದು ಗಂಟಿನಲ್ಲಿರುತ್ತದೆ. ಬಾವುಟವನ್ನು ಉದ್ದಕ್ಕೆ ಎರಡು ಸಲ ಮಡಚಿ, ಚುಂಗಿನಿಂದ ಹಗ್ಗದ ಕಡೆಗೆ ಸುರುಳಿ ಸುತ್ತಬೇಕು. ಕೆಳಗಿನ ಎಳೆಯನ್ನು ಸುರುಳಿಗೆ ಎರಡು ಸುತ್ತು ತಂದು, ಹಗ್ಗವನ್ನು ಕುಣಿಕೆ ಮಾಡಿ ಆ ಸುತ್ತಿನಡಿ ತೂರಿಸಬೇಕು. ತೂರಿಸಬೇಕಾದ್ದು ಕುಣಿಕೆಯನ್ನು, ಹಗ್ಗದ ತುದಿಯನ್ನಲ್ಲ. ಕುಣಿಕೆ ತೂರಿಸಿದರೆ ಜೀರುಗುಣಿಕೆ, ಒಂದು ಎಳೆತಕ್ಕೆ ಸರ್ರನೆ ಬಿಚ್ಚುತ್ತದೆ. ತುದಿ ತೂರಿಸಿದರೆ ಬ್ರಹ್ಮಗಂಟು, ಎಳೆದಷ್ಟೂ ಬಿಗಿ. ಆಗ ಮುಖ್ಯ ಅತಿಥಿಯಾಗಿ ಬಂದ ನಿವೃತ್ತ ಮೇಷ್ಟರು ಹಗ್ಗ ಜಗ್ಗುತ್ತಾರೆ, ಅಧ್ಯಕ್ಷರು ಕೈ ಜೋಡಿಸುತ್ತಾರೆ, ಮೇಲೆ ಬಾವುಟ ಪೊಟ್ಟಣವಾಗಿಯೇ ಕುಳಿತಿರುತ್ತದೆ, ಕೆಳಗೆ ಯಾರೋ ಆಗಲೇ ‘ಜನಗಣಮನ’ ಎತ್ತಿಕೊಂಡಿರುತ್ತಾರೆ. ಅದು ಶುರುವಾದ ಮೇಲೆ ಅಲುಗಾಡುವಂತಿಲ್ಲ. ಹೀಗಾಗಿ ಇಡೀ ಐವತ್ತೆರಡು ಸೆಕೆಂಡು ಎಲ್ಲರೂ ಗಂಟನ್ನೇ ದಿಟ್ಟಿಸುತ್ತ ಅಟೆನ್ಷನ್ನಿನಲ್ಲಿ ನಿಲ್ಲಬೇಕು.

ಪಕಳೆ ಒಂದು ಹಿಡಿ ಸಾಕು, ಒಣಗಿದ್ದಿರಲಿ. ಹಿಂದಿನ ರಾತ್ರಿಯೇ ಒದ್ದೆ ಚೆಂಡುಹೂ ತುಂಬಿಟ್ಟರೆ ಅವು ಮುದ್ದೆಯಾಗಿ ಒಟ್ಟಿಗೇ ಅತಿಥಿಯ ತಲೆಗೆ ಬೀಳುತ್ತವೆ, ಬಿಳಿಪಟ್ಟಿಗೆ ಹಳದಿ ಕಲೆಯೂ ಗ್ಯಾರಂಟಿ. ತಲೆಕೆಳಗಾಗುವುದಕ್ಕೂ ಕಾರಣ ಇದೇ ರಾತ್ರಿ ಕೆಲಸ. ಚಕ್ರ ಹೇಗೆ ತಿರುಗಿಸಿದರೂ ಒಂದೇ ಥರ, ಮಂದ ಬೆಳಕಿನಲ್ಲಿ ಮಡಚಿದ ಬಟ್ಟೆಯ ಬಣ್ಣ ತಿಳಿಯುವುದಿಲ್ಲ. ಕೇಸರಿ ತುದಿಯ ಹಗ್ಗಕ್ಕೆ ಒಂದು ಕೆಂಪು ದಾರ ಕಟ್ಟಿಡಿ. ಬಾವುಟದ ಮೇಲೆ ಪೆನ್ನಿನಲ್ಲಿ ‘ಮೇಲೆ’ ಎಂದು ಬರೆಯಬೇಡಿ, ಅದರ ಮೇಲೆ ಯಾವ ಬರಹವೂ ಇರಬಾರದು. ಗೋಡೆಗೆ ಉದ್ದುದ್ದ ತೂಗುಬಿಡುವುದಾದರೆ ಕೇಸರಿ ನೋಡುವವರ ಎಡಕ್ಕೆ ಬರಬೇಕು.

ಇಷ್ಟೆಲ್ಲ ಆದ ಮೇಲೆ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ದೇಶಭಕ್ತಿಯ ಗಣತಿ ಆರಂಭವಾಗುತ್ತದೆ. “304ರಲ್ಲಿ ಬಾವುಟ ಇನ್ನೂ ಕಾಣಿಸ್ತಿಲ್ವಲ್ಲಾ ಸಾರ್?” “ನಮ್ಮ ಬಾಲ್ಕನಿ ಹಿಂದುಗಡೆ ಇದೆ ಮೇಡಂ.” “ಹಿಂದುಗಡೆ ಇದ್ರೂ ಭಾವನೆ ಮುಂದುಗಡೆ ಇರ್ಬೇಕಲ್ವಾ?” ಒಬ್ಬರು, ದೇಶಪ್ರೇಮ ಮನಸ್ಸಲ್ಲಿದ್ದರೆ ಸಾಕು ಎನ್ನುತ್ತಾರೆ. ಇನ್ನೊಬ್ಬರು, ತೆರಿಗೆ ಕಟ್ಟಿದ ರಸೀದಿಯೇ ನನ್ನ ಬಾವುಟ ಎನ್ನುತ್ತಾರೆ. ಮತ್ತೊಬ್ಬರು ಎಲ್ಲರಿಗಿಂತ ದೊಡ್ಡದು ತಂದು ಕೆಳಮನೆಯ ಕಿಟಕಿಗೆ ಕತ್ತಲೆ ಕವಿಸುತ್ತಾರೆ.

ಕಾನೂನು ಈ ಜಗಳದಲ್ಲಿ ಇವರ್‍ಯಾರಷ್ಟೂ ಬಿಸಿಯಾಗಿಲ್ಲ. ಸಾಮಾನ್ಯರು ವರ್ಷದ ಎಲ್ಲ ದಿನ ಬಾವುಟ ಹಾರಿಸಲು ದಾರಿಯಾದದ್ದೇ 2002ರ ಜನವರಿ 26ರಂದು ಜಾರಿಗೆ ಬಂದ ಧ್ವಜ ಸಂಹಿತೆಯಿಂದ. 2004ರಲ್ಲಿ ಉದ್ಯಮಿ ನವೀನ್ ಜಿಂದಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಗೌರವದಿಂದ ಬಾವುಟ ಹಾರಿಸುವುದು ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ ಎಂದಿತು. ಅದು ಹಕ್ಕು. 304ರವರ ಮೇಲೆ ಹೊರಿಸಿದ ಕರ್ತವ್ಯ ಅಲ್ಲ. ಅದಕ್ಕೂ ಮೊದಲು, 1986ರಲ್ಲಿ, ರಾಷ್ಟ್ರಗೀತೆ ಹಾಡದೆ ಗೌರವದಿಂದ ಎದ್ದು ನಿಂತಿದ್ದಕ್ಕೆ ಶಾಲೆಯಿಂದ ಹೊರಹಾಕಲ್ಪಟ್ಟ ಕೇರಳದ ಮಕ್ಕಳನ್ನು ಮತ್ತೆ ಸೇರಿಸಿಕೊಳ್ಳಿ ಎಂದಿದ್ದೂ ಅದೇ ಕೋರ್ಟು. ಕೊಯಮತ್ತೂರಿನಲ್ಲಿ 2013ರ ಕ್ರಿಸ್‌ಮಸ್‌ಗೆ ತ್ರಿವರ್ಣದ ದೊಡ್ಡ ಕೇಕು ಕತ್ತರಿಸಿ ತಿಂದದ್ದು ಅವಮಾನವೇ ಎಂಬ ಪ್ರಶ್ನೆ ಮದ್ರಾಸ್ ಹೈಕೋರ್ಟಿನಲ್ಲಿ 2021ರಲ್ಲಿ ತೀರ್ಮಾನವಾಯಿತು. ಅಲ್ಲ ಎಂದಿತು ಕೋರ್ಟು. ತಿಂದ ಕೇಕು ಅಷ್ಟರಲ್ಲಿ ಏಳು ವರ್ಷ ಹಳೆಯದು.

ಕಾನೂನಿಗೆ ನಿಜವಾಗಿ ಸಿಟ್ಟು ಬರುವ ಕಡೆ ನಮ್ಮ ಗುಂಪುಗಳಿಗೆ ಸಿಟ್ಟು ಬರುವುದಿಲ್ಲ, ಅದೇ ಸೋಜಿಗ. ಬೈಕಿನ ಹಿಡಿಗೆ ಬಾವುಟ ಸಿಕ್ಕಿಸಿಕೊಂಡು ಹೋಗುವವರಿಗೆ ಚಪ್ಪಾಳೆ ಬೀಳುತ್ತದೆ. ವಾಹನದ ಮೇಲೆ ರಾಷ್ಟ್ರಧ್ವಜ ಹಾರಿಸುವುದು ರಾಷ್ಟ್ರಪತಿ, ಪ್ರಧಾನಿ, ರಾಜ್ಯಪಾಲರಂಥ ಕೆಲವರಿಗಷ್ಟೇ ಮೀಸಲು. ಒಂದೇ ಕೋಲಿಗೆ ಮೇಲೆ ತ್ರಿವರ್ಣ, ಕೆಳಗೆ ಹಳದಿ-ಕೆಂಪು, ಅದರ ಕೆಳಗೆ ಕ್ರಿಕೆಟ್ ತಂಡದ್ದು ಎಂದು ಪೋಣಿಸುವಂತಿಲ್ಲ. ಕನ್ನಡ ಬಾವುಟಕ್ಕೆ ಬೇರೆ ಕೋಲು, ತುಸು ದೂರ, ತುಸು ತಗ್ಗು. ಫೈನಲ್ ಸೋತ ರಾತ್ರಿ ದುಃಖದಿಂದ ಅರ್ಧಕ್ಕಿಳಿಸುವ ಅಧಿಕಾರವೂ ಮನೆ ಯಜಮಾನರಿಗೆ ಇಲ್ಲ, ಅದಕ್ಕೆ ಸರ್ಕಾರದ ಆದೇಶ ಬೇಕು.

ಅಷ್ಟಕ್ಕೂ ಏರಿಸುವ ದಿನ ಜನಕ್ಕೆ ಬರವಿಲ್ಲ. ಬರ ಇರುವುದು ಇಳಿಸುವುದಕ್ಕೆ. 2022ರ ಜುಲೈ ತಿದ್ದುಪಡಿಯಂತೆ ಮನೆಯ ಬಾವುಟ ಹಗಲು ರಾತ್ರಿ ಹಾರಬಹುದು. ಅದನ್ನು ಅನೇಕರು ‘ಮುಂದಿನ ಆಗಸ್ಟಿನವರೆಗೆ’ ಎಂದು ಓದಿಕೊಂಡಿದ್ದಾರೆ. ಗಣೇಶನ ಹಬ್ಬದ ಹೊತ್ತಿಗೆ ಕೇಸರಿ ತಿಳಿಗುಲಾಬಿಯಾಗಿರುತ್ತದೆ, ದೀಪಾವಳಿಗೆ ಚುಂಗು ಜಾಲರಿ. ಹರಿದ, ಮಾಸಿದ ಬಾವುಟ ಹಾರಿಸುವಂತಿಲ್ಲ. ಪಿಸಿದ ಅಂಚು ಕತ್ತರಿಸಿ ಹೊಲಿದು ಬಿಡೋಣ ಎನ್ನುವ ಜಾಣರು ಲೆಕ್ಕ ಮಾಡಲಿ: 900ರಲ್ಲಿ 50 ಕತ್ತರಿಸಿದರೆ 850 x 600, ಅಲ್ಲಿಗೆ 3:2 ಮುಗಿಯಿತು. ಕೆಟ್ಟ ಬಾವುಟವನ್ನು ಕಸದ ಬುಟ್ಟಿಗೆ ಹಾಕದೆ, ಒರೆಸುವ ಬಟ್ಟೆ ಮಾಡದೆ, ಖಾಸಗಿಯಾಗಿ, ಇಡಿಯಾಗಿ, ಗೌರವದಿಂದ ಸುಡುವುದು ಸಂಹಿತೆ ಸೂಚಿಸುವ ದಾರಿ. ಖಾಸಗಿಯಾಗಿ ಎಂದರೆ ವಿಡಿಯೋ ಇಲ್ಲದೆ. ಪಾಲಿಯೆಸ್ಟರಾದರೆ ಕರಗಿ ತೊಟ್ಟಿಕ್ಕುತ್ತದೆ, ಹೊಗೆ ಕೆಟ್ಟದ್ದು. ಗಾಳಿಯಾಡುವ ಬಯಲಿನಲ್ಲಿ, ಲೋಹದ ಪಾತ್ರೆಯಲ್ಲಿ, ದೂರ ನಿಂತು ಮಾಡಿ.

ಚೆನ್ನಾಗಿಯೇ ಉಳಿದಿದ್ದರೆ 16ರ ಬೆಳಗ್ಗೆ ನಿಧಾನವಾಗಿ ಇಳಿಸಿ. ಏರಿಸುವುದು ಚುರುಕಾಗಿ, ಇಳಿಸುವುದು ಸಾವಧಾನವಾಗಿ ಎಂಬುದೇ ಕ್ರಮ. ಒದ್ದೆ ಇದ್ದರೆ ನೆರಳಲ್ಲಿ ಪೂರ್ತಿ ಒಣಗಿಸಿ, ಇಲ್ಲವಾದರೆ ಕಪಾಟಿನಲ್ಲಿ ಬಿಳಿಪಟ್ಟಿಗೆ ಬೂಷ್ಟು ಹಿಡಿಯುತ್ತದೆ. ಆಮೇಲೆ ಅಡ್ಡಲಾಗಿ ಹಾಸಿ, ಕೇಸರಿ ಮತ್ತು ಹಸಿರನ್ನು ಬಿಳಿಯ ಹಿಂದಕ್ಕೆ ಮಡಚಿ, ಎರಡೂ ಪಕ್ಕದಿಂದ ಬಿಳಿಯನ್ನು ಚಕ್ರ ಮಾತ್ರ ಕಾಣುವಂತೆ ಮಡಚಬೇಕು. ಅಂಚಲ್ಲಿ ಚೂರು ಕೇಸರಿ, ಚೂರು ಹಸಿರು ಇಣುಕಿದರೆ ಮಡಿಕೆ ಸರಿಯಾಗಿದೆ. ಇಡುವ ಜಾಗ ಯಾವುದೆಂಬುದಕ್ಕೆ ಮನೆಯಲ್ಲಿ ಇನ್ನೊಂದು ಸುತ್ತು ಚರ್ಚೆ ನಡೆಯುತ್ತದೆ. ದೇವರ ಕೋಣೆ ಎಂದು ಅಜ್ಜಿ, ಲಾಕರು ಎಂದು ಮಗ, ರೇಷ್ಮೆ ಸೀರೆಯ ಪಕ್ಕ ಬೇಡ, ಬಣ್ಣ ಬಿಡುತ್ತದೆ ಎಂದು ಸೊಸೆ. ಬ್ರಾಕೆಟ್ಟು ಮಾತ್ರ ಗೋಡೆಯಲ್ಲೇ ಉಳಿಯುತ್ತದೆ. ಖಾಲಿ ಇರುವ ಹನ್ನೊಂದು ತಿಂಗಳು ಅದಕ್ಕೆ ಒಗೆದ ಲುಂಗಿ ಹರವಬಹುದೇ ಎಂಬ ಬಗ್ಗೆ ಸಂಹಿತೆ ಏನನ್ನೂ ಹೇಳಿಲ್ಲ. ಆದರೆ ಅಜ್ಜಿ ಹೇಳಿದ್ದಾರೆ.