ಆ ಕೊಕ್ಕೆಯನ್ನು ಬೋಟಿಗೆ ಸಿಕ್ಕಿಸಬೇಡಿ

ಕಡಲಿನಲ್ಲಿ ಕಾಪಾಡಲು ಬಂದ ಹೆಲಿಕಾಪ್ಟರಿನಿಂದ ಕೇಬಲಿನ ತುದಿಯಲ್ಲಿ ಇಳಿದು ಬರುವ ಕೊಕ್ಕೆಯನ್ನು ಬೋಟಿನ ಯಾವ ಭಾಗಕ್ಕೂ ಸಿಕ್ಕಿಸಬಾರದು. ಅದು ನೀರನ್ನೋ ಬೋಟಿನ ಮೈಯನ್ನೋ ಮುಟ್ಟುವ ಮೊದಲು ಅದಕ್ಕೆ ಕೈ ಹಾಕಲೂ ಬಾರದು. ನಮ್ಮ ಕರಾವಳಿಯಿಂದ ಆಳಸಮುದ್ರಕ್ಕೆ ಹೋಗುವ ಎಷ್ಟು ಮಂದಿಗೆ ಈ ಎರಡು ಮಾತು ಗೊತ್ತಿವೆ? ಈಚೆಗೆ ಮಂಗಳೂರಿನಾಚೆ ಕಡಲಿನಲ್ಲಿ ನಡೆದ ರಕ್ಷಣಾ ಅಣಕು ಕಾರ್ಯಾಚರಣೆಯನ್ನು ಭಾವನ ಟ್ರಾಲ್ ಬೋಟಿನಿಂದ ನೋಡಿ ಬಂದ ಮೇಲೆ ಈ ಪ್ರಶ್ನೆ ತಲೆಯಿಂದ ಇಳಿಯುತ್ತಿಲ್ಲ. ಬರಹ ಉದ್ದವಾಗುತ್ತದೆ, ಬಿಡುವಿದ್ದವರು ಓದಿ.

ಪ್ರದರ್ಶನ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಅತಿಥಿಗಳಿಗೆ ದೊಡ್ಡ ಹಡಗಿನ ಮೇಲೆ ನೆರಳು, ಕುರ್ಚಿ, ತಂಪು ಪಾನೀಯ. ಮೀನುಗಾರಿಕೆ ಬೋಟುಗಳಿಗೆ ದೂರದಲ್ಲಿ ಸಾಲಾಗಿ ನಿಲ್ಲುವಂತೆ ಹೇಳಿದ್ದರು. ಕಡಲು ಎಣ್ಣೆ ಹೊಯ್ದಂತೆ ಶಾಂತವಾಗಿತ್ತು. ಕಿತ್ತಳೆ ಬಣ್ಣದ ಹೊಗೆ ಎದ್ದಿತು, ಒಬ್ಬ ಈಜುಗಾರ ನೀರಿಗೆ ಹಾರಿದ, ಹೆಲಿಕಾಪ್ಟರ್ ಬಂದಿತು. ಬಂದದ್ದು ತಿರುವು ತೆಗೆದುಕೊಳ್ಳುವಾಗ ನಮ್ಮ ತಲೆಯ ಮೇಲೆಯೇ ಹಾದುಹೋಯಿತು. ಕ್ಯಾಬಿನ್ನಿನ ಹಿಂದೆ ಹೊದಿಸಿದ್ದ ಟಾರ್ಪಾಲು ಎದ್ದು ನಿಂತಿತು. ಮೀನಿನ ಥರ್ಮಾಕೋಲ್ ಪೆಟ್ಟಿಗೆಯ ಮುಚ್ಚಳವೊಂದು ಹಾರಿ ಕಡಲು ಸೇರಿತು. ಅಡುಗೆಯ ಹುಡುಗ ಪ್ಲಾಸ್ಟಿಕ್ ಬುಟ್ಟಿಯ ಹಿಂದೆ ಓಡಿದ್ದನ್ನು ನೋಡಿ ಎಲ್ಲರೂ ನಕ್ಕರು. ನಗದೆ ಇದ್ದವರು ಒಬ್ಬರೇ, ನಮ್ಮೊಂದಿಗೆ ಬಂದಿದ್ದ ನೌಕಾಪಡೆಯ ನಿವೃತ್ತ ಗೆಳೆಯರು. “ಆ ಟಾರ್ಪಾಲು ಕಿತ್ತುಕೊಂಡು ಮೇಲೆ ಹೋಗಿ ರೆಕ್ಕೆಗೆ ಸುತ್ತಿಕೊಂಡರೆ ಮುಳುಗುವವರ ಜೊತೆ ಕಾಪಾಡಲು ಬಂದವರೂ ಸೇರುತ್ತಾರೆ” ಎಂದರು.

ಆಮೇಲಿನ ಕೆಲವು ನಿಮಿಷ ಅವರು ಕಿವಿಯ ಹತ್ತಿರ ಕೂಗಿ ಕೂಗಿ ವಿವರಿಸಿದ್ದೇ ನನಗೆ ಅಂದಿನ ನಿಜವಾದ ಪ್ರದರ್ಶನ. ನೀರಿನಲ್ಲಿರುವ ಮನುಷ್ಯನ ನೆತ್ತಿಯ ಮೇಲೆ ಹೆಲಿಕಾಪ್ಟರ್ ನಿಂತಾಗ ಪೈಲಟ್‌ಗೆ ಆ ಮನುಷ್ಯ ಕಾಣಿಸುವುದಿಲ್ಲ. ಬಾಗಿಲಲ್ಲಿ ಮೈಯನ್ನು ಹೊರಗೆ ಚಾಚಿ ಕೆಳಗೆ ನೋಡುತ್ತಿರುವ, ಕೇಬಲ್ ಇಳಿಸಿ ಎತ್ತುವ ವಿಂಚ್ ಯಂತ್ರದ ಸಿಬ್ಬಂದಿಯೇ ಅವನ ಕಣ್ಣು. ಮುಂದೆ, ಇನ್ನೂ ಸ್ವಲ್ಪ ಮುಂದೆ, ಬಲಕ್ಕೆ, ನಿಲ್ಲು ಎಂದು ಆತ ಹೇಳುತ್ತಾ ಹೋಗುತ್ತಾನೆ, ಪೈಲಟ್ ಕೇಳುತ್ತಾ ಹೋಗುತ್ತಾನೆ. ನೆಲದ ಮೇಲಾದರೆ ಒಂದು ಮರವನ್ನೋ ಕಟ್ಟಡವನ್ನೋ ಗುರುತಿಟ್ಟುಕೊಂಡು ಒಂದೇ ಕಡೆ ನಿಲ್ಲಬಹುದು. ಸುತ್ತಲೂ ಚಲಿಸುವ ನೀರೇ ಇರುವಾಗ ಗುರುತು ಎಲ್ಲಿಂದ ಬರಬೇಕು? ಅದಕ್ಕೇ ಕೆಳಗಿನ ಬೋಟು ಎಂಜಿನ್ ಆರಿಸಿ ಅಲೆಗೆ ಮೈಕೊಟ್ಟು ತೂಗಾಡುವುದಕ್ಕಿಂತ, ಸಾಧ್ಯವಿದ್ದರೆ ಒಂದೇ ದಿಕ್ಕಿನಲ್ಲಿ ನಿಧಾನವಾಗಿ ಸಾಗುತ್ತಿರುವುದು ಅವರಿಗೆ ಅನುಕೂಲ. ಇದನ್ನು ಕೇಳಿ ಬೋಟು ನಡೆಸುವ ನಮ್ಮ ತಂಡೇಲರು ಹುಬ್ಬೇರಿಸಿದರು. ಹೆಲಿಕಾಪ್ಟರ್ ಬಂದರೆ ಬೋಟು ನಿಲ್ಲಿಸಬೇಕು ಎಂದೇ ಅವರು ಇಷ್ಟು ವರ್ಷ ತಿಳಿದಿದ್ದರು.

ಕೊಕ್ಕೆ ಇಳಿಯಿತು. ಮೊದಲು ನೀರಿನಲ್ಲಿ ಮುಳುಗಿ ಎದ್ದಿತು. ಅದು ಲೆಕ್ಕ ತಪ್ಪಿ ಮುಳುಗಿದ್ದಲ್ಲ. ಗಾಳಿಯನ್ನು ಸೀಳುವ ರೆಕ್ಕೆಗಳಿಂದ ಹೆಲಿಕಾಪ್ಟರಿನ ಮೈಯಲ್ಲಿ ಸ್ಥಾಯಿ ವಿದ್ಯುತ್ ಸೇರಿಕೊಂಡಿರುತ್ತದೆ. ಉಕ್ಕಿನ ಆ ಕೇಬಲಿನ ಮೂಲಕ ಅದು ನೀರಿಗೆ ಹರಿದುಹೋಗಬೇಕು. ನಡುವೆ ಕೈ ಚಾಚಿದವನಿಗೆ ಕೆಡವಿಬಿಡುವಂಥ ಹೊಡೆತ ಬೀಳುತ್ತದೆ.

ಆಗ ತಂಡೇಲರು ಕೇಳಿದ್ದು: “ಕೊಕ್ಕೆ ಬೋಟಿನ ಮೇಲೆ ಬಂದ ಕೂಡಲೇ ಗೂಟಕ್ಕೆ ಸಿಕ್ಕಿಸಿದರೆ ಅವರಿಗೆ ನಿಲ್ಲಲು ಸುಲಭ ಅಲ್ಲವಾ ಸಾರ್?”

ಗೆಳೆಯರ ಮುಖದ ಬಣ್ಣವೇ ಬದಲಾಯಿತು. ಆದರೆ ಪ್ರಶ್ನೆ ಕೇಳಿದವರು ಅರ್ಧ ಆಯುಷ್ಯವನ್ನು ಕಡಲಿನಲ್ಲಿ ಕಳೆದವರು. ಮೀನುಗಾರನ ಕೈಗೆ ಬಾಲ್ಯದಿಂದ ಕಲಿಸಿದ್ದು ಒಂದೇ ಪಾಠ: ಎದುರಿನಿಂದ ಹಗ್ಗ ಬಂದರೆ ಹಿಡಿ, ಎಳೆ, ಬಿಗಿ. ಬೋಟು ಕಟ್ಟುವ ದಕ್ಕೆಯಲ್ಲಿ ಹಾಗೆ, ಇನ್ನೊಂದು ಬೋಟನ್ನು ಎಳೆದು ತರುವಾಗ ಹಾಗೆ, ಬಲೆ ಎತ್ತುವಾಗಲೂ ಹಾಗೆ. ಆ ಕೈ ಯೋಚಿಸಿ ಕೆಲಸ ಮಾಡುವುದಿಲ್ಲ. ಆದರೆ ಈ ಒಂದು ಹಗ್ಗವನ್ನು ಬಿಗಿದರೆ ಮುಂದಿನ ಅಲೆಗೆ ಬೋಟು ಕೆಳಗಿಳಿಯುತ್ತದೆ, ಹೆಲಿಕಾಪ್ಟರ್ ಅದಕ್ಕೆ ಕಟ್ಟಿಹಾಕಿದಂತಾಗುತ್ತದೆ. ಪ್ರಾಣಾಪಾಯ ಕಂಡರೆ ಕೇಬಲನ್ನು ಕತ್ತರಿಸಿ ಹೊರಟುಹೋಗುವುದೊಂದೇ ಮೇಲಿನವರಿಗೆ ಉಳಿಯುವ ದಾರಿ. ಮೀನುಗಾರನಲ್ಲದವನು ಬಹುಶಃ ಆ ಕೊಕ್ಕೆಯನ್ನು ಮುಟ್ಟದೆ ಸುಮ್ಮನಿರುತ್ತಿದ್ದ. ಕಡಲು ಬಲ್ಲವನೇ ಇಲ್ಲಿ ಹೆಚ್ಚು ಅಪಾಯದಲ್ಲಿದ್ದಾನೆ.

ಇಷ್ಟು ಮುಖ್ಯವಾದ ಮಾತನ್ನು ಅಂದು ಧ್ವನಿವರ್ಧಕದಲ್ಲಿ ಯಾರೂ ಹೇಳಲಿಲ್ಲ. ಹೆಲಿಕಾಪ್ಟರಿನ ವೇಗ ಹೇಳಿದರು, ಹಡಗಿನ ಉದ್ದ ಹೇಳಿದರು, ಅದೂ ಹಿಂದಿ ಮತ್ತು ಇಂಗ್ಲಿಷಿನಲ್ಲಿ.

ಇನ್ನೊಂದು ಸಂಗತಿ. ಅಂದು ಮೇಲೆತ್ತಿದ್ದು ತೆರೆದ ನೀರಿನಲ್ಲಿದ್ದ, ತರಬೇತಾದ ಈಜುಗಾರನನ್ನು. ನಮ್ಮ ಟ್ರಾಲ್ ಬೋಟನ್ನು ಒಮ್ಮೆ ನೋಡಿ: ಮೇಲೆ ಕಂಬ, ದೀಪದ ಕಂಬಿ, ವೈರ್‌ಲೆಸ್ ಆಂಟೆನಾ, ಹಿಂದೆ ಬಲೆ ಎತ್ತುವ ಕಬ್ಬಿಣದ ಚೌಕಟ್ಟು, ಅಡ್ಡಾದಿಡ್ಡಿ ವೈರ್ ರೋಪು. ಅದರ ನಡುವೆ ಕೇಬಲ್ ಇಳಿಸುವುದೆಂದರೆ ಸಾವನ್ನು ಕರೆದಂತೆ. ಅಂಥ ಬೋಟಿನಿಂದ ಜನರನ್ನು ಎತ್ತಲು ಒಂದೋ ಉದ್ದನೆಯ ಮಾರ್ಗದರ್ಶಿ ಹಗ್ಗವನ್ನು ಮೊದಲು ಬಿಟ್ಟು, ಹೆಲಿಕಾಪ್ಟರ್ ಪಕ್ಕಕ್ಕೆ ಸರಿದು ನಿಂತು, ಕೆಳಗಿನವರು ಆ ಹಗ್ಗವನ್ನು ಕೈಯಲ್ಲೇ ಎಳೆದುಕೊಳ್ಳಬೇಕು. ಇಲ್ಲವೇ ಜನ ಲೈಫ್ ಜಾಕೆಟ್ ತೊಟ್ಟು ಒಬ್ಬೊಬ್ಬರಾಗಿ ನೀರಿಗಿಳಿಯಬೇಕು. ಬಿರುಗಾಳಿಯಲ್ಲಿ, ಇನ್ನೂ ತೇಲುತ್ತಿರುವ ಬೋಟನ್ನು ಬಿಟ್ಟು ನೀರಿಗೆ ಹಾರು ಎಂದು ಆಕಾಶದಿಂದ ಕೈಸನ್ನೆ ಬಂದರೆ ಬೋಟಿನಲ್ಲಿ ದುಡಿಯುವ ಯಾವ ಕಲಾಸಿ ನಂಬುತ್ತಾನೆ? ಮೊದಲೇ ಕೇಳಿ ತಿಳಿದಿದ್ದರೆ ಮಾತ್ರ ನಂಬುತ್ತಾನೆ. ಕಂಕುಳಿಗೆ ಪಟ್ಟಿ ಹಾಕಿ ಎತ್ತುವಾಗ ಕೈ ಮೇಲೆತ್ತಿದರೆ ಜಾರಿ ಬೀಳುತ್ತಾರೆ ಎಂಬುದೂ ಹಾಗೆಯೇ. ಗಾಬರಿಯಾದವನು ಮೇಲಿನದನ್ನು ಹಿಡಿಯಲು ಕೈ ಎತ್ತಿಯೇ ಎತ್ತುತ್ತಾನೆ.

ಇದೆಲ್ಲ ಅಪರೂಪದ ಮಾತಲ್ಲ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಮೂಲ್ಕಿಯಾಚೆಯ ಬಂಡೆಗಳ ಬಳಿ ಸಿಲುಕಿದ ಕೋರಮಂಡಲ್ ಸಪೋರ್ಟರ್ ಎಂಬ, ಹಡಗುಗಳನ್ನು ಎಳೆಯುವ ಟಗ್‌ನ ಒಂಬತ್ತು ಮಂದಿಯನ್ನು ಕೋಸ್ಟ್ ಗಾರ್ಡ್ ಹಡಗು ಮತ್ತು ನೌಕಾಪಡೆಯ ಹೆಲಿಕಾಪ್ಟರ್ ಸೇರಿ ಪಾರು ಮಾಡಿದ್ದು ಕರಾವಳಿಯವರಿಗೆ ನೆನಪಿದೆ. ಅದು ಎಣ್ಣೆ ಹೊಯ್ದಂಥ ಕಡಲಲ್ಲ. ಅದಕ್ಕೂ ಒಂದು ತಿಂಗಳ ಹಿಂದೆ, ಕೇರಳದ ಬೇಪೂರಿನಿಂದ ಹೊರಟಿದ್ದ ಮೀನುಗಾರಿಕೆ ಬೋಟಿಗೆ ಮಂಗಳೂರಿನಾಚೆ ಸರಕು ಹಡಗು ಡಿಕ್ಕಿಯಾದಾಗ ಇದ್ದ 14 ಮಂದಿಯಲ್ಲಿ ಬದುಕಿ ಬಂದವರು ಇಬ್ಬರೇ. ಮಲ್ಪೆಯಿಂದ 2018ರ ಡಿಸೆಂಬರಿನಲ್ಲಿ ಏಳು ಮಂದಿಯೊಂದಿಗೆ ಹೊರಟ ಸುವರ್ಣ ತ್ರಿಭುಜ ಬೋಟು ಸಿಕ್ಕಿದ್ದು ಮರುವರ್ಷದ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಮಾಲ್ವಣದಾಚೆ ಕಡಲ ತಳದಲ್ಲಿ. ಎಲ್ಲಿದ್ದೇವೆ ಎಂದು ಯಾರೂ ಹೇಳದಿದ್ದಾಗ ಯಾವ ಹೆಲಿಕಾಪ್ಟರ್ ಎಲ್ಲಿಗೆ ಹೋಗಬೇಕು? ಇಸ್ರೋ ರೂಪಿಸಿದ ಅಪಾಯ ಸೂಚಕ ಯಂತ್ರ ಈಗ ಸಂದೇಶ ತಲುಪಿತೆಂದು ಮರಳಿ ತಿಳಿಸುವಷ್ಟು ಸುಧಾರಿಸಿದೆ, ಕೋಸ್ಟ್ ಗಾರ್ಡಿನ ತುರ್ತು ಕರೆಯ 1554 ಸಂಖ್ಯೆ ಇದೆ. ಒಳ್ಳೆಯದೇ. ಆದರೆ ಸಂದೇಶ ತಲುಪಿ, ಗೋವಾದಿಂದಲೋ ಕೊಚ್ಚಿಯಿಂದಲೋ ಒಂದು ಗಂಟೆಗೂ ಹೆಚ್ಚು ಹಾರಿ, ಇದ್ದ ಇಂಧನದಲ್ಲಿ ಕೆಲವೇ ನಿಮಿಷ ನಿಲ್ಲುವ ಅವಕಾಶದೊಂದಿಗೆ ಬಂದವರ ಮುಂದೆ ನಾವು ಟಾರ್ಪಾಲು ಹಾರಿಸಿಕೊಂಡು ನಿಂತಿದ್ದರೆ?

ಬರುವವರ ಪ್ರಾಣಕ್ಕೂ ಬೆಲೆ ಇದೆ. 2024ರ ಸೆಪ್ಟೆಂಬರ್ 2ರ ರಾತ್ರಿ ಪೋರಬಂದರದಾಚೆ ಟ್ಯಾಂಕರ್ ಒಂದರಲ್ಲಿ ಗಾಯಗೊಂಡಿದ್ದ ನಾವಿಕನನ್ನು ತರಲು ಹೊರಟ ಕೋಸ್ಟ್ ಗಾರ್ಡ್ ಹೆಲಿಕಾಪ್ಟರ್ ಕಡಲಿಗೆ ಬಿದ್ದು, ಅದರಲ್ಲಿದ್ದ ನಾಲ್ವರಲ್ಲಿ ಮೂವರು ತೀರಿಕೊಂಡರು. ಯಾರೋ ಗುರುತಿಲ್ಲದವನಿಗಾಗಿ ಹೀಗೆ ಹೊರಡುವವರ ಬಗ್ಗೆ ನನಗೆ ಗೌರವವಲ್ಲದೆ ಬೇರೇನಿಲ್ಲ. ಕೊಚ್ಚಿಯಲ್ಲಿ 2024ರ ನವೆಂಬರಿನಲ್ಲಿ ನಡೆದ, ಕಡಲಿನಲ್ಲಿ ಹುಡುಕಿ ಕಾಪಾಡುವ ಸಾರೆಕ್ಸ್‌ನಂಥ ರಾಷ್ಟ್ರೀಯ ಅಭ್ಯಾಸಗಳೂ ಬೇಕು. ಬಂದರು, ವಿಮಾನ ನಿಲ್ದಾಣ, ಪೊಲೀಸರು ಒಟ್ಟಿಗೆ ಕೆಲಸ ಮಾಡುವುದನ್ನು ಅಲ್ಲಿಯೇ ಕಲಿಯಬೇಕು. ನನ್ನ ತಕರಾರು ಹಗ್ಗದ ಕೆಳತುದಿಯ ಬಗ್ಗೆ. ಮೇಲ್ತುದಿಯಲ್ಲಿರುವವರು ವರ್ಷವಿಡೀ ಅಭ್ಯಾಸ ಮಾಡುತ್ತಾರೆ. ಕೆಳತುದಿಯಲ್ಲಿರುವವನು ಪ್ರೇಕ್ಷಕನಾಗಿ ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾನೆ. ನಾವೂ ತಟ್ಟಿದೆವು.

ಖರ್ಚಿನ ಮಾತು ಎತ್ತುವವರಿಗೆ ಹೇಳುತ್ತೇನೆ, ಇದಕ್ಕೆ ಹೆಲಿಕಾಪ್ಟರೇ ಬೇಡ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳು ದಕ್ಕೆಯಲ್ಲೇ ಇರುತ್ತವೆ, ಬಲೆ ರಿಪೇರಿ ನಡೆಯುತ್ತಿರುತ್ತದೆ. ಊರಿಗೆ ಹೋದ ಕಲಾಸಿಗಳು ಜುಲೈ ಕೊನೆಯಲ್ಲಿ ಮರಳುತ್ತಾರೆ. ಆಗ ಒಂದು ಕ್ರೇನಿನ ತುದಿಗೆ ಪಟ್ಟಿ ಕಟ್ಟಿ, ದಕ್ಕೆಗೆ ಕಟ್ಟಿದ ಬೋಟಿನ ಮೇಲೆಯೇ ಒಬ್ಬೊಬ್ಬರನ್ನು ಎತ್ತಿ ಇಳಿಸಲಿ. ಕೊಕ್ಕೆ ಬಂದಾಗ ಕೈ ಹಿಂದಕ್ಕೆ, ಟಾರ್ಪಾಲು ಬಿಚ್ಚಿ ಒಳಕ್ಕೆ, ಪಟ್ಟಿ ಹಾಕಿದ ಮೇಲೆ ಕೈ ಕೆಳಕ್ಕೆ. ಇದನ್ನು ಮೈಗೆ ಹತ್ತುವವರೆಗೆ ಮಾಡಿಸಲಿ. ಆಗಸ್ಟಿನಲ್ಲಿ ಕಡಲಿಗಿಳಿಯುವ ಮೊದಲು ಪ್ರತಿ ಬೋಟಿನಿಂದ ಇಬ್ಬರಾದರೂ ಇದನ್ನು ಕಲಿತಿರಬೇಕೆಂದು ಸಂಘಗಳೇ ನಿಯಮ ಮಾಡಿಕೊಳ್ಳಬಹುದು. ಲೈಫ್ ಜಾಕೆಟ್ ಅನ್ನು ಕ್ಯಾಬಿನ್ನಿನ ಮೂಲೆಯಲ್ಲಿ ದಿಂಬಾಗಿ ಬಳಸುವವರಿಗೆ ಆಗಲೇ ಎರಡು ಮಾತು ಹೇಳಬಹುದು.

ಭಾಷೆಯನ್ನಂತೂ ಮರೆಯಬೇಡಿ. ಭಾವನ ಬೋಟಿನ ಹುಡುಗರಲ್ಲಿ ಒಡಿಶಾದವರಿದ್ದಾರೆ, ಆಂಧ್ರದವರಿದ್ದಾರೆ, ಜಾರ್ಖಂಡಿನವರಿದ್ದಾರೆ. ತುಳುವಿನಲ್ಲೋ ಕನ್ನಡದಲ್ಲೋ ಹೇಳಿ ಮುಗಿಸಿದರೆ ತಂಡೇಲನಿಗೆ ತಿಳಿಯುತ್ತದೆ, ಕೊಕ್ಕೆಯ ಹತ್ತಿರ ನಿಂತವನಿಗೆ ತಿಳಿಯುವುದಿಲ್ಲ.

ಹಿಂದೆ ಬರುವಾಗ ತಂಡೇಲರಿಗೆ ಈ ಯೋಚನೆ ಹೇಳಿದೆ. ಅವರು ಬೇಡವೆನ್ನಲಿಲ್ಲ. “ಜುಲೈಯಲ್ಲಿ ಕರೆಯಲಿ, ಹುಡುಗರನ್ನು ನಾನೇ ಕರೆದುಕೊಂಡು ಬರುತ್ತೇನೆ” ಎಂದರು. ಒಂದೇ ಷರತ್ತು ಹಾಕಿದರು: ವೇದಿಕೆ, ಹಾರ, ಭಾಷಣ ಇರಬಾರದು, ಮೊದಲು ತಮ್ಮನ್ನೇ ಕ್ರೇನಿಗೆ ಕಟ್ಟಿ ಎತ್ತಬೇಕು.