ಮಸೀದಿ ಮುಚ್ಚಿತು, ಜನಾಝಾ ನಮಾಝ್ ನಿಲ್ಲಲಿಲ್ಲ

ಸೋವಿಯತ್ ಉಜ್ಬೇಕಿಸ್ತಾನದಲ್ಲಿ ಮಸೀದಿಗಳಿಗೆ ಬೀಗ ಬಿದ್ದ ಮೇಲೆ ಇಸ್ಲಾಂ ಅಳಿದೇಹೋಯಿತು ಎಂಬ ಮಾತನ್ನು ಒಪ್ಪಲಾಗದು. ಆಚರಣೆ ಮನೆಯೊಳಗೆ ಸೇರಿಕೊಂಡಿತು, ಅಷ್ಟೆ. ಸತ್ತವರಿಗಾಗಿ ಮಾಡುವ ಜನಾಝಾ ನಮಾಝನ್ನೇ ನೋಡಿ: ರುಕೂ (ಬಾಗುವುದು) ಇಲ್ಲ, ಸಜ್ದಾ (ಹಣೆ ನೆಲಕ್ಕೆ ಹಚ್ಚುವುದು) ಇಲ್ಲ, ನಿಂತಲ್ಲೇ ನಾಲ್ಕು ತಕ್ಬೀರ್, ಅಂದರೆ ‘ಅಲ್ಲಾಹು ಅಕ್ಬರ್’ ಎನ್ನುವುದು. ಅಂಗಳವಿದ್ದರೆ ಸಾಕು. ಮಯ್ಯಿತ್‌ಗೆ (ಶವಕ್ಕೆ) ಸ್ನಾನ, ಗಂಡಸಿಗೆ ಮೂರು, ಹೆಂಗಸಿಗೆ ಐದು ತುಂಡು ಬಟ್ಟೆಯ ಕಫನ್ (ಶವಕ್ಕೆ ಸುತ್ತುವ ಬಟ್ಟೆ). ಕಮ್ಯುನಿಸ್ಟ್ ಪಕ್ಷದ ಸದಸ್ಯರ ಮನೆಗಳಲ್ಲೂ ಇದು ನಡೆಯುತ್ತಿತ್ತು.

ನಿಜವಾದ ಪೆಟ್ಟು ಬಿದ್ದದ್ದು ಲಿಪಿಗೆ. ಅರಬಿ ಲಿಪಿ ಹೋಗಿ 1920ರ ದಶಕದ ಕೊನೆಗೆ ಲ್ಯಾಟಿನ್, 1940ರಲ್ಲಿ ಸಿರಿಲಿಕ್ ಬಂತು. ಅಜ್ಜನ ಕುರ್‌ಆನ್ ಮೊಮ್ಮಗನಿಗೆ ಓದಲು ಬಾರದಾಯಿತು. ‘ಓತಿನ್’ ಎಂದು ಕರೆಯುವ, ಧರ್ಮ ಕಲಿಸುವ ಹೆಂಗಸರು ಸೂರಾಗಳನ್ನು (ಕುರ್‌ಆನ್‌ನ ಅಧ್ಯಾಯಗಳನ್ನು) ಬಾಯಿಪಾಠದಲ್ಲೇ ಉಳಿಸಿಕೊಟ್ಟರು. ಸಿರಿಲಿಕ್‌ನಲ್ಲಿ ಬರೆದುಕೊಂಡರೆ ಅರಬಿಯ ಬೇರೆಬೇರೆ ಅಕ್ಷರಗಳಾದ ಸೇ, ಸೀನ್, ಸ್ವಾದ್ ಮೂರಕ್ಕೂ ಒಂದೇ ಅಕ್ಷರ. ಝಾಲ್, ಝೇ, ಝ್ವಾದ್, ಝೋಯ್ ನಾಲ್ಕಕ್ಕೂ ಮತ್ತೊಂದು. ಕಿವಿಯಿಂದ ಕಲಿಯದೆ ಬರಹ ನೋಡಿ ಕಲಿತರೆ ಉಚ್ಚಾರ ಕೆಡುವುದು ಇಲ್ಲೇ. ಇದನ್ನು ಅಜ್ಞಾನ ಎಂದು ಹಗುರ ಮಾಡುವುದು ಆ ಹೆಂಗಸರಿಗೆ ಮಾಡುವ ಅನ್ಯಾಯ.

1943ರಲ್ಲಿ ತಾಷ್ಕೆಂಟಿನಲ್ಲಿ ಸರ್ಕಾರವೇ ಒಪ್ಪಿದ ಮುಸ್ಲಿಂ ಮಂಡಳಿ ಹುಟ್ಟಿತು. ದರ್ಗಾ ಯಾತ್ರೆ ಸಲ್ಲದೆಂದು ಅದು ಫತ್ವಾ ಹೊರಡಿಸಿದರೂ ಜನ ಹೋಗುವುದನ್ನು ಬಿಡಲಿಲ್ಲ.